ದಕ್ಷಿಣಕ್ಕೆ ತಲೆ ಹಾಕಿದ ಕಡಲು

ಡಾ. ಚಕ್ರಪಾಣಿ ಮಹಾ ಬುದ್ಧಿವಂತರು ಎಂದು ಯಾರಾದರೂ ನನ್ನೆದುರು ಹೇಳಿದರೆ ಈಗಲೂ ಮೈ ಉರಿಯುತ್ತದೆ. ವಿದೇಶದಲ್ಲಿ ಓದಿದವರು, ಹೋದಲ್ಲೆಲ್ಲ ಶಾಲು ಹೊದೆಸಿಕೊಂಡವರು, ಎಲ್ಲ ಸರಿ. ಒಂದು ಕಡಲಿನ ಸಾವಿರ ವರ್ಷದ ಚರಿತ್ರೆಯನ್ನು ತಲೆಕೆಳಗು ಮಾಡಿ ಸರ್ಕಾರಕ್ಕೆ ಕಳಿಸಿದವರೂ ಅವರೇ. ಯಾಕೆ ಹಾಗಾಯಿತು ಎಂಬ ಕತೆ ಕೇಳಿದವರೆಲ್ಲ ನಗುತ್ತಾರೆ. ನನಗೆ ನಗು ಬರಲಿಲ್ಲ.

ನನ್ನ ಹೆಸರು ವಾರಿಜಾ. ಕುಂದಾಪುರದಿಂದ ಉತ್ತರಕ್ಕೆ, ದಂಡೆಯ ಮೇಲಿರುವ ಆಳಸಮುದ್ರ ಕೆಸರು ಸಂಶೋಧನಾಲಯದಲ್ಲಿ ವಿಜ್ಞಾನಿ. ಹುಟ್ಟಿದ್ದು ಅಲ್ಲೇ ಪಕ್ಕದ, ಮೀನು ಹಿಡಿಯುವ ಮೊಗವೀರರ ಕೇರಿಯಲ್ಲಿ. ಸಂಶೋಧನಾಲಯದ ಮಹಡಿಯ ಮೇಲೆ ನಿಂತರೆ ನಮ್ಮ ಮನೆಯ ಹಂಚು ಕಾಣುತ್ತದೆ. ಈಗ ಕ್ವಾರ್ಟರ್ಸಿನಲ್ಲಿದ್ದೇನೆ. ಮನೆಯಲ್ಲಿ ಅಮ್ಮ ಮತ್ತು ಅಣ್ಣ ದಾಮೋದರ, ಅವನ ಹೆಂಡತಿ ಮಕ್ಕಳು.

ಮಳೆಗಾಲದಲ್ಲಿ ಮೀನು ಮೊಟ್ಟೆಯಿಡುವ ಹೊತ್ತಿಗೆ ಯಂತ್ರದ ಬೋಟುಗಳು ಕಡಲಿಗಿಳಿಯಬಾರದು ಎಂಬ ನಿಷೇಧ ಮೊದಲಿನಿಂದಲೂ ಇತ್ತು. ಪ್ರತಿ ಚುನಾವಣೆಗೂ ಅದರ ಮೇಲೆ ಜಗಳ. ಕೊನೆಗೆ ಹೊಸ ಕಾಯ್ದೆ ಬಂತು. ನಿಷೇಧ ಇರಬೇಕೋ ಬೇಡವೋ ಎಂಬುದನ್ನು ಮಂತ್ರಿಗಳು ಹೇಳುವುದು ಬೇಡ, ಕಡಲಿನ ತಳದ ಕೆಸರೇ ಹೇಳಲಿ ಎಂದಿತು ಆ ಕಾಯ್ದೆ. ಹಿಂದಿನ ಕಾಲಕ್ಕಿಂತ ಈಗ ಕಡಲಿನ ಫಲ ಹೆಚ್ಚಿದ್ದರೆ ನಿಷೇಧ ತೆಗೆಯುವುದು, ಕಡಿಮೆಯಾಗಿದ್ದರೆ ಉಳಿಸುವುದು.

ಕೆಸರು ಹೇಗೆ ಹೇಳುತ್ತದೆ? ಕಡಲಿನ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತದೆ. ಅದನ್ನು ತಿಂದು ಸಣ್ಣ ಜೀವಿಗಳು, ಅವನ್ನು ತಿಂದು ಬೂತಾಯಿ, ಬಂಗುಡೆಯಂಥ ಮೀನು. ಸತ್ತ ಮೇಲೆ ಎಲ್ಲವೂ ತಳಕ್ಕೇ ಇಳಿಯಬೇಕು. ಇಳಿಯುತ್ತ ಕೊಳೆಯುವಾಗ ಬೇರಿಯಂ ಎಂಬ ಧಾತುವಿನ ಹರಳುಗಳು ಕಟ್ಟುತ್ತವೆ. ಮೇಲೆ ಜೀವ ಹೆಚ್ಚಿದ್ದ ವರ್ಷ ಕೆಳಗೆ ಹರಳು ಹೆಚ್ಚು. ನಮ್ಮ ದಂಡೆಯಾಚೆ ಸಾವಿರ ಮೀಟರ್ ಆಳದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹುಳಹುಪ್ಪಟೆ ಇಲ್ಲ, ಕೆಸರನ್ನು ಕಲಕುವವರಿಲ್ಲ. ಪತ್ರೊಡೆಯ ಪದರಗಳ ಹಾಗೆ ವರ್ಷದ ಮೇಲೆ ವರ್ಷ ಕೂತಿರುತ್ತದೆ. ಹಡಗಿನಿಂದ ಒಂದು ಕೊಳವೆಯನ್ನು ಅದರೊಳಕ್ಕೆ ಇಳಿಸಿ ಎತ್ತಿದರೆ ಮೀಟರ್ ಉದ್ದದಲ್ಲಿ ಸಾವಿರ ವರ್ಷ ಸಿಗುತ್ತದೆ. ಮೇಲಿನ ತುದಿ ಇಂದಿನದು, ಕೆಳಗಿನ ತುದಿ ಪುರಾತನ. ನಾವು ಮೇಲಿನ ತುದಿಯನ್ನು ತಲೆ ಎನ್ನುತ್ತೇವೆ, ಕೆಳಗಿನದನ್ನು ಕಾಲು. ಹಡಗಿನಲ್ಲೇ ಹಾಗೆಂದು ಬರೆದ ಚೀಟಿ ಅಂಟಿಸುತ್ತೇವೆ.

ಮೊದಲು ಈ ಹರಳು ಎಣಿಸುವುದರಲ್ಲೇ ವರ್ಷಗಟ್ಟಲೆ ಹೋಗುತ್ತಿತ್ತು. ಈಗ ಕೆಸರೋದುಗ ಎಂಬ ಯಂತ್ರ ಬಂದಿದೆ. ಕೊಳವೆಯನ್ನು ಒಂದು ತುದಿಯಿಂದ ನುಂಗುತ್ತ, ಕೂದಲೆಳೆಯಷ್ಟು ತೆಳುವಾಗಿ ಕೊಯ್ದು ಸುಟ್ಟು, ಆ ಬೆಳಕಿನಲ್ಲಿ ಬೇರಿಯಂ ಎಷ್ಟಿತ್ತೆಂದು ಓದುತ್ತದೆ. ಮಧ್ಯಾಹ್ನದ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಗ್ರಾಫ್ ಸಿದ್ಧ. ಕೊಳವೆಯಲ್ಲಿ ಉಳಿಯುವುದು ಬೂದಿ, ಮತ್ತು ಸೂಕ್ಷ್ಮದರ್ಶಕಕ್ಕೆಂದು ಯಂತ್ರವೇ ಅಲ್ಲಲ್ಲಿ ತೆಗೆದಿಟ್ಟ ಚಿಟಿಕೆ ಕೆಸರು.

ನಮ್ಮ ಕಡಲಿನ ಗ್ರಾಫ್ ಏರುತ್ತ ಹೋಗಿತ್ತು. ಸಾವಿರ ವರ್ಷದ ಹಿಂದೆ ಬಡ ಕಡಲು, ಇವತ್ತು ಅದರ ಎರಡರಷ್ಟು ಸಮೃದ್ಧಿ! ಪದರಗಳ ಕಾಲಮಾನದ ಪರೀಕ್ಷೆಗೆ ಕಳಿಸಿದ ಚೂರುಗಳ ವರದಿ ಬರುವವರೆಗೆ ಕಾಯೋಣ ಎಂದು ನಾನು ಹೇಳಿದೆ. ಸಂಶೋಧನಾಲಯಕ್ಕೆ ಹೊಸದಾಗಿ ನಿರ್ದೇಶಕರಾಗಿ ಬಂದಿದ್ದ ಚಕ್ರಪಾಣಿ ಕಾಯಲಿಲ್ಲ. ಮಂತ್ರಿಗಳ ಪಕ್ಕ ನಿಂತು ಗ್ರಾಫನ್ನು ಟಿ.ವಿ.ಗೆ ತೋರಿಸಿದರು. ಕಾಯ್ದೆಯಂತೆ ನೇಮಿಸಿದ್ದ ಮಂಡಳಿ ಒಂದು ಬಹಿರಂಗ ವಿಚಾರಣೆ ನಡೆಸಿ ಮುದ್ರೆ ಒತ್ತುವುದಷ್ಟೇ ಬಾಕಿ ಉಳಿಯಿತು.

ಆ ಭಾನುವಾರ ಮನೆಗೆ ಹೋದರೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಬಾ ಹೆಣೆ, ಬಾ. ನಿಮ್ ಕೆಸ್ರಿನ್ ಹೆಸ್ರಲ್ಲಿ ಇವತ್ತ್ ದೇವ್ರಿಗೆ ದೀಪ ಹಚ್ಚಿದೆ."

ಅಣ್ಣ ಅಂಗಳದಲ್ಲಿ ನಿಂತು ಯಾರೊಂದಿಗೋ ಫೋನಿನಲ್ಲಿ ಕೂಗಿ ಮಾತಾಡುತ್ತಿದ್ದ. ಅವನು ಮೂವತ್ತು ವರ್ಷ ಬೇರೆಯವರ ಬೋಟಿನಲ್ಲಿ ಬಲೆ ಎಳೆದವನು. ಮಳೆಗಾಲ ಬಂತೆಂದರೆ ಬೋಟು ದಡಕ್ಕೆ, ಅವನು ಹುಬ್ಬಳ್ಳಿಗೆ. ಅಲ್ಲಿ ನಮ್ಮೂರ ಕಡೆಯವರದ್ದೇ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ. ಕಡಲಿನಲ್ಲಿ ಗಾಳಿಯ ವಾಸನೆ ಹಿಡಿದು ಮೀನಿನ ಜಾಡು ಹೇಳುವವನು ಎರಡು ತಿಂಗಳು ಎಂಜಲು ತಟ್ಟೆ ಎತ್ತಬೇಕು. ಅದರ ಅವಮಾನ ಅವನಿಗೆ ಎಷ್ಟಿತ್ತೆಂದರೆ, ಹುಬ್ಬಳ್ಳಿಯಲ್ಲಿ ಯಾವ ಹೋಟೆಲ್ ಎಂಬುದನ್ನು ಹೆಂಡತಿಗೂ ಸರಿಯಾಗಿ ಹೇಳುತ್ತಿರಲಿಲ್ಲ.

"ಇನ್ ಹುಬ್ಬಳ್ಳಿ ಮಖ ಕಾಂಬುಕಿಲ್ಲೆ ಕಾಣ್," ಎಂದ ಫೋನಿಟ್ಟು. "ಧಣಿ ಮಳೆಗಾಲಕ್ಕಂತ್ಲೇ ಹೊಸ ಬೋಟ್ ಇಳ್ಸ್ತ್ರ್. ನಾನೇ ತಾಂಡೇಲ. ಇಡೀ ಬೋಟ್ ನನ್ ಮಾತಿನ್ ಮೇಲೆ ಹೋಯ್ಕ್!"

ತಾಂಡೇಲ ಎಂದರೆ ಕಡಲಿನಲ್ಲಿ ಬೋಟು ನಡೆಸುವ ಯಜಮಾನ. ಈ ವಯಸ್ಸಿನಲ್ಲಿ ಅವನು ಅಷ್ಟು ದೊಡ್ಡದಾಗಿ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಕೇರಿಯವರು ಅವನನ್ನೇ ಮಂಡಳಿಗೆ ಮೀನುಗಾರರ ಪ್ರತಿನಿಧಿ ಎಂದೂ ಆರಿಸಿದ್ದರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮರುವಾರ ನಾನು ಯಂತ್ರ ತೆಗೆದಿಟ್ಟ ಚಿಟಿಕೆ ಕೆಸರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂತಿದ್ದೆ. ಸಣ್ಣ ಚಿಪ್ಪಿನ ಜೀವಿಗಳನ್ನು ಎಣಿಸುವ ಕೆಲಸ. ಬೇಸರದ ಕೆಲಸ, ಮಾಡದಿದ್ದರೆ ಯಾರೂ ಕೇಳುವುದಿಲ್ಲ. ಅತ್ಯಂತ ಹಳೆಯದು, ಸಾವಿರ ವರ್ಷದ್ದು ಎಂದು ಗುರುತು ಹಾಕಿದ ಕೆಸರಿನಲ್ಲಿ ಒಂದು ನೀಲಿ ಎಳೆ ಕಂಡಿತು. ಸೂಜಿಯಿಂದ ಮುಟ್ಟಿದೆ, ಬಾಗಿತು. ತುದಿಯನ್ನು ಕಾಯಿಸಿದೆ, ಕರಗಿ ಗುಂಡಾಯಿತು. ನೈಲಾನ್!

ಸಾವಿರ ವರ್ಷದ ಹಿಂದೆ ಯಾವ ಪುಣ್ಯಾತ್ಮ ನೈಲಾನ್ ಬಲೆ ಹಾಕಿದ್ದ? ಕಾಯಿಸದೆ ಉಳಿದ ಎಳೆಯನ್ನು ಗಾಜಿನ ಪಟ್ಟಿಯ ಮೇಲೆ ಇಟ್ಟು, ಮತ್ತಷ್ಟು ಹುಡುಕಿದೆ. ಆಮೇಲೆ ಎದ್ದವಳೇ ಶೀತಲ ಕೋಣೆಗೆ ಹೋದೆ.

ಕೊಳವೆಗಳನ್ನು ಮಲಗಿಸುವ ಕೋಣೆ ಅದು. ಕೆಸರು ಗಾಳಿಗೆ ಕೆಡಬಾರದೆಂದು ನೈಟ್ರೋಜನ್ ತುಂಬಿರುತ್ತದೆ, ಉಸಿರಿನ ಸಿಲಿಂಡರ್ ಇಲ್ಲದೆ ಒಳಗೆ ಹೋದರೆ ಹೆಣವಾಗಿ ಬರಬೇಕು. ಹಾಗಾಗಿ ಕೊಳವೆ ಮಲಗಿಸುವ ಉಗ್ರಾಣದವರನ್ನು ಬಿಟ್ಟರೆ ಯಾರೂ ಹೋಗುವುದಿಲ್ಲ. ಯಂತ್ರದ ತೋಳೊಂದು ಕೊಳವೆಯ ಉತ್ತರದ ತುದಿಯನ್ನು ಹಿಡಿದು ಕೆಸರೋದುಗನ ಬಾಯಿಗೆ ಕೊಡುತ್ತದೆ. ಯಂತ್ರ ಕೂರಿಸಿದವರು ಎಲ್ಲ ಕೊಳವೆಗಳ ತಲೆಯೂ ಉತ್ತರಕ್ಕಿರುವಂತೆ ಏರ್ಪಾಡು ಮಾಡಿದ್ದರು. ಮೊದಲು ನುಂಗಿದ್ದೇ ಇಂದಿನ ಕಾಲ ಎಂದು ಅದರ ಲೆಕ್ಕ.

ಸಿಲಿಂಡರ್ ಕಟ್ಟಿಕೊಂಡು ಒಳಗೆ ಹೋಗಿ ನೋಡಿದರೆ ಒಂದೊಂದು ಕೊಳವೆಯೂ ದಕ್ಷಿಣಕ್ಕೆ ತಲೆ ಹಾಕಿ ಮಲಗಿತ್ತು. ಕಪಾಟಿನ ನಾಲ್ಕು ಮೂಲೆಗೂ ತಾಮ್ರದ ಪುಟ್ಟ ಪಿರಮಿಡ್ಡುಗಳು, ಮೇಲೆ ಅರಿಶಿನ ಕುಂಕುಮ.

ಹೊರಬಂದು ಉಗ್ರಾಣದ ಶೆಟ್ಟರನ್ನು ಕೇಳಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

"ನೀವು ಹಡಗಲ್ಲಿದ್ರಿ ಅಲ್ವಾ ಮೇಡಂ ಆಗ? ಹೊಸ ಸಾಹೇಬ್ರು ಚಾರ್ಜ್ ತಕೊಂಡಾಗ ವಾಸ್ತುವಿನವ್ರನ್ನ ಕರ್ಕೊಂಡು ಬಂದಿದ್ರು. ಅವ್ರೂ ಸಿಲಿಂಡರ್ ಕಟ್ಕೊಂಡು ಒಳಗೆ ಹೋಗಿ, ಚೀಟಿ ಓದಿ ಹೌಹಾರಿದ್ರು. ಉತ್ತರಕ್ಕೆ ತಲೆ ಹಾಕಿ ಮಲಗ್ಸಿದ್ದೀರಿ, ಹೆಣ ಮಲಗ್ಸೋ ಹಾಗೆ, ಸಂಸ್ಥೆ ಉದ್ಧಾರ ಆಗ್ತದಾ ಅಂದ್ರು. ಆವತ್ತೇ ಎಲ್ಲ ತಿರುಗ್ಸಿದ್ವಿ. ಆಮೇಲೆ ಬಂದದ್ದನ್ನೂ ಹಾಗೇ ಮಲಗ್ಸ್ತೇವೆ."

"ಯಂತ್ರಕ್ಕೆ ಯಾರಾದ್ರೂ ಹೇಳಿದ್ರಾ?"

"ಯಂತ್ರಕ್ಕೆ ಎಂತ ಹೇಳೂದು ಮೇಡಂ?"

ಶೆಟ್ಟರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ನನ್ನಮ್ಮನೂ ಯಾರಾದರೂ ಉತ್ತರಕ್ಕೆ ತಲೆ ಹಾಕಿದರೆ ನಿದ್ದೆಯಿಂದ ಎಬ್ಬಿಸಿ ತಿರುಗಿಸುತ್ತಾಳೆ. ಆದರೆ ಇದು ಅಮ್ಮನ ಚಾಪೆಯಲ್ಲ. ಯಂತ್ರ ಕೆಸರನ್ನು ಕಾಲಿನ ಕಡೆಯಿಂದ ನುಂಗಿತ್ತು. ಪುರಾತನ ಕಾಲದ ಸಮೃದ್ಧಿಯನ್ನು ಇವತ್ತಿನದು ಎಂದೂ ಇವತ್ತಿನ ಬಡತನವನ್ನು ಪುರಾತನದ್ದು ಎಂದೂ ಓದಿತ್ತು. ನಮ್ಮ ಕಡಲು ಏರಿರಲಿಲ್ಲ. ಅರ್ಧಕ್ಕರ್ಧ ಇಳಿದಿತ್ತು.

ಚಕ್ರಪಾಣಿಯವರ ಕೋಣೆಗೆ ನುಗ್ಗಿ ಎಲ್ಲ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

"ಹಡಗಿನಲ್ಲಿ ಚೀಟಿಯನ್ನೇ ತಪ್ಪಾಗಿ ಅಂಟಿಸಿರಬಹುದಲ್ಲ, ವಾರಿಜಾ?"

"ಹಾಗಿದ್ರೆ ನೈಲಾನ್ ಎಲ್ಲಿಂದ ಬಂತು ಸಾರ್?"

"ಒಂದು ದಾರ. ನಿಮ್ಮ ಮನೆಯಲ್ಲಿ ಬಲೆ ಹೆಣೀತಾರೆ ಅಲ್ವಾ? ಸೀರೆಗೆ ಅಂಟಿಕೊಂಡು ಬಂದಿರುತ್ತೆ." ಕೈ ಚಾಚಿದರು. "ಆ ಗಾಜು ಕೊಡಿ ಇಲ್ಲಿ."

ಮೂರು ಕಾಸಿನ ನಾಚಿಕೆ ಇಲ್ಲದ ಮನುಷ್ಯ! ಗಾಜನ್ನು ಕೈಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ. ಮರುದಿನ ಹೋಗಿ ನೋಡಿದರೆ ಶೀತಲ ಕೋಣೆಯ ಕೊಳವೆಗಳೆಲ್ಲ ಮತ್ತೆ ಉತ್ತರಕ್ಕೆ ತಲೆ ಹಾಕಿದ್ದವು. ಪಿರಮಿಡ್ಡುಗಳಿರಲಿಲ್ಲ, ಕುಂಕುಮ ಒರೆಸಿತ್ತು. ಶೆಟ್ಟರು ನನ್ನ ಮುಖ ನೋಡಲಿಲ್ಲ. ಓದಿಸಿದ ಕೊಳವೆಯಂತೂ ಬೂದಿ, ಉಳಿದ ಚಿಟಿಕೆ ಕೆಸರಿಗೂ ಸಾಹೇಬರ ಬೀಗ ಬಿದ್ದಿತ್ತು. ಕೈಯಲ್ಲಿ ಉಳಿದದ್ದು ಆ ಗಾಜಿನ ಪಟ್ಟಿ ಮಾತ್ರ.

ವಿಚಾರಣೆಯ ಹಿಂದಿನ ಸಂಜೆ ಮನೆಗೆ ಹೋದೆ. ಅಣ್ಣನಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು ಎಂದಿತ್ತು. ಅಡಿಗೆಮನೆಯಲ್ಲಿ ಅಮ್ಮ ಬಡಿಸುತ್ತಿದ್ದಾಗಲೇ ಗಾಜನ್ನು ಮುಂದಿಟ್ಟು ಹೇಳಿದೆ. ಅವನು ಉಣ್ಣುತ್ತಿದ್ದವನು ಕೈ ನಿಲ್ಲಿಸಿದ.

"ಸ್ವಲ್ಪ ಹೆಚ್ಚು ಕಮ್ಮಿ ಆಯ್ತಾ?"

"ಪೂರ್ತಿ ತಿರುಗಾಮುರುಗಾ ಅಣ್ಣ. ನಿಷೇಧ ತೆಗೆಯುಕೆ ಆಗುದಿಲ್ಲ. ಮೊಟ್ಟೆ ಮೀನೂ ಎಳೆದ್ರೆ ಕಡ್ಲಲ್ಲಿ ಎಂತದೂ ಉಳಿಯುದಿಲ್ಲ."

"ಯಾರಿಗ್ ಗೊತ್ತಿತ್ತ್ ಇದ್?"

"ನಂಗೆ, ಚಕ್ರಪಾಣಿಗೆ."

"ಈಗ ನಂಗೆ, ಅಮ್ಮಂಗೆ. ನಾಲ್ಕ್ ಜನ ಬಾಯ್ ಮುಚ್ಕಂಡ್ ಇಪ್ಪುಕೆ ಆತಿಲ್ಯಾ?"

"ನಿನ್ನ ಬಲೆಗೆ ಮೊದಲಿನಷ್ಟು ಬೀಳ್ತದಾ? ನೀನೇ ಹೇಳ್."

"ಬಲೆ ಮಾತ್ ನಂಗ್ ಕಲಿಸ್ಬೇಡ!" ತಟ್ಟೆಯನ್ನು ದೂಡಿದ. "ಬೀಳುದಿಲ್ಲೆ. ನಂಗೊತ್ತಿಲ್ಯಾ? ಬೀಳುದಿಲ್ಲೆ ಅಂತ್ಲೇ ಮಳೆಗಾಲವೂ ಬೇಕ್. ನೀ ಏಸಿ ರೂಮಲ್ಲಿ ಕೂತ್ಕಂಡ್ ಕೆಸ್ರ್ ಕಾಂಬ್ದ್. ಎಂಜಲ್ ತಟ್ಟೆ ಎತ್ತುವವ ನಾನ್."

ಅವನು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ನಿನಗೊಬ್ಬನಿಗೆ ತಾಂಡೇಲಗಿರಿ ಸಿಗ್ಲಿ ಅಂತ ನಾನು ಸುಳ್ಳು ಹೇಳ್ಬೇಕಾ?" ಎಂದುಬಿಟ್ಟೆ. ಅವನು ಎದ್ದು ಹೋದ. ಆ ಸಿಟ್ಟಿನಲ್ಲಿ ಗಾಜನ್ನು ಅಡಿಗೆಮನೆಯಲ್ಲೇ ಮರೆತು ಮಲಗಿದೆ.

ಬೆಳಿಗ್ಗೆ ನೋಡಿದರೆ ಗಾಜಿನ ಪಟ್ಟಿ ಪಾತ್ರೆಗಳ ಜೊತೆ ಬೋರಲಾಗಿ ಒಣಗುತ್ತಿತ್ತು. ಲಕಲಕ ಹೊಳೆಯುತ್ತಿತ್ತು.

"ಅಮ್ಮಾ! ಇದನ್ನ ಯಾರು ತೊಳೆದದ್ದು?"

"ನಾನೇ," ಎಂದಳು ಅಮ್ಮ, ತೆಂಗಿನಕಾಯಿ ತುರಿಯುತ್ತ, ತಲೆಯೆತ್ತದೆ. "ಬೂದಿ ಹಾಕಿ ತಿಕ್ಕಿದೆ. ಕೊಳೆ ಇತ್ತ್."

"ಅದೇನು ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತ್. ಗೊತ್ತಿದ್ದೇ ತೊಳೆದೆ. ನನ್ ಮಗ ಒಂದ್ ಸಲ ಆದ್ರೂ ಯಜಮಾನ ಆಯ್ಲಿ. ನೀ ಈಗ ಹೊರಡ್."

ಅಮ್ಮನ ಮೇಲೆ ನಾನು ಹಾಗೆ ಕಿರುಚಿದ್ದು ಅದೇ ಮೊದಲು. ಅವಳು ತುರಿಯುವುದನ್ನು ನಿಲ್ಲಿಸಲಿಲ್ಲ. ತಿಂಡಿಯನ್ನೂ ತಿನ್ನದೆ ಬಸ್ಸು ಹಿಡಿದೆ.

ವಿಚಾರಣೆ ಕುಂದಾಪುರದ ಸಭಾಭವನವೊಂದರಲ್ಲಿ. ಕೇರಿಗೆ ಕೇರಿಯೇ ಬಂದಿತ್ತು. ಮಂಡಳಿಯ ಅಧ್ಯಕ್ಷೆ ಹಿರೇಕೆರೂರ ಮೇಡಂ, ಧಾರವಾಡದ ಕಡೆಯ ನಿವೃತ್ತ ನ್ಯಾಯಾಧೀಶೆ. ಬಲಗಡೆ ಚಕ್ರಪಾಣಿ, ಎಡಗಡೆ ಪ್ರತಿನಿಧಿಯ ಕುರ್ಚಿಯಲ್ಲಿ ಇಸ್ತ್ರಿಯ ಬಿಳಿ ಅಂಗಿ ತೊಟ್ಟ ನನ್ನಣ್ಣ. ನಾನು ಬಂದದ್ದನ್ನು ಕಂಡೂ ಕಾಣದ ಹಾಗೆ ಕೂತ.

ನನ್ನ ಸರದಿ ಬಂದಾಗ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ವಾಸ್ತು, ದಕ್ಷಿಣದ ತಲೆ, ನೈಲಾನ್, ಇಳಿದ ಕಡಲು. ಸಭೆಯಲ್ಲಿ ಗದ್ದಲವೆದ್ದಿತು. "ಕೂತ್ಕೊ", "ಯಾರ ಪರ ನೀನು", "ಉಂಡ ಮನೆಗೆ ಎರಡು ಬಗೆಯುವವಳು" ಎಂದೆಲ್ಲ ಕೂಗಿದರು. ಕೂಗಿದವರಲ್ಲಿ ನನ್ನನ್ನು ಎತ್ತಿ ಆಡಿಸಿದವರೂ ಇದ್ದರು.

"ಸಾಕ್ಷಿ ಐತೇನವ್ವಾ?" ಎಂದು ಅಧ್ಯಕ್ಷೆ ಕೇಳಿದರು.

"ಗಾಜಿನ ಪಟ್ಟಿ ಇತ್ತು. ಈಗಿಲ್ಲ. ಆದರೆ ಪ್ರತಿ ಕೊಳವೆಯನ್ನೂ ಹಡಗಿನಲ್ಲೇ ಉದ್ದಕ್ಕೆ ಸೀಳಿ ಎರಡು ಪಾಲು ಮಾಡ್ತೇವೆ ಮೇಡಂ. ಒಂದು ಪಾಲು ಯಂತ್ರಕ್ಕೆ, ಇನ್ನೊಂದು ಮೊಹರು ಹಾಕಿ ಮಂಗಳೂರಿನ ಶೈತ್ಯಾಗಾರಕ್ಕೆ. ಅದನ್ನು ತೆರೆಸಿ. ತಲೆಯ ಕೆಸರಿನಲ್ಲಿ ಪ್ಲಾಸ್ಟಿಕ್ ಇಲ್ಲದಿದ್ದರೆ ರಾಜೀನಾಮೆ ಕೊಡ್ತೇನೆ."

"ನಾನಾಗೇ ತೆರಸಾಕ ಬರಂಗಿಲ್ಲ. ಕಾಯ್ದೆ ಪ್ರಕಾರ ನಿರ್ದೇಶಕರು ಕೇಳಬೇಕು, ಇಲ್ಲಾ ಮೀನುಗಾರರ ಪ್ರತಿನಿಧಿ ಕೇಳಬೇಕು." ಅಧ್ಯಕ್ಷೆ ಬಲಕ್ಕೆ ತಿರುಗಿದರು. "ಡಾಕ್ಟರ್?"

"ಅಗತ್ಯವಿಲ್ಲ," ಎಂದರು ಚಕ್ರಪಾಣಿ.

"ದಾಮೋದರ ಅವರ?"

ಅಣ್ಣ ತಲೆ ಅಲ್ಲಾಡಿಸಿದ. ಬೇಡ. ಸಭೆ ಚಪ್ಪಾಳೆ ತಟ್ಟಿತು. ಮುಗಿಯಿತು ಎಂದುಕೊಂಡೆ.

ಅಲ್ಲಿಗೇ ಬಿಟ್ಟಿದ್ದರೆ ಚಕ್ರಪಾಣಿ ಗೆದ್ದಿದ್ದರು. ಆದರೆ ಅವರಿಗೆ ಗೆದ್ದದ್ದು ಸಾಲದು, ಇನ್ನೊಬ್ಬರನ್ನು ಮಣ್ಣು ಮುಕ್ಕಿಸಲೇಬೇಕು. ಮೈಕನ್ನು ಹತ್ತಿರಕ್ಕೆಳೆದುಕೊಂಡರು.

"ಒಂದು ಮಾತು ದಾಖಲಾಗಲಿ ಮೇಡಂ. ನಾನು ಜಾತಿಯ ಮಾತಾಡ್ತಿಲ್ಲ, ದಯವಿಟ್ಟು ತಪ್ಪು ತಿಳೀಬೇಡಿ. ಮೀನಿನ ಬುಟ್ಟಿ ಹೊರೋ ಮನೆಯಿಂದ ಬಂದವರನ್ನು ನಾವು ಪ್ರಯೋಗಾಲಯಕ್ಕೆ ಸೇರಿಸಿಕೊಂಡಿದ್ದೀವಿ. ಶುಚಿ, ಶಿಸ್ತು ಇವೆಲ್ಲ ಒಂದೇ ತಲೆಮಾರಿಗೆ ಬರೋದಿಲ್ಲ. ಆ ದಾರ ಇವರ ಮನೆಯದ್ದೇ. ತಾನಾಗಿ ಬಂದದ್ದಲ್ಲ, ಹೆಸರು ಮಾಡೋ ಆಸೆಗೆ ಈಕೆಯೇ ತಂದು ಹಾಕಿದ್ದು ಅಂತ ನನ್ನ ಖಚಿತ ಅಭಿಪ್ರಾಯ."

ಕುರ್ಚಿ ಹಿಂದಕ್ಕೆ ಜರುಗಿದ ಸದ್ದಾಯಿತು. ಅಣ್ಣ ಎದ್ದು ನಿಂತಿದ್ದ.

"ಹ್ವಾಯ್, ಸ್ವಲ್ಪ ನಿಲ್ಲಿ. ನನ್ ತಂಗಿ ಕಳ್ಳಿ ಅಂದ್ರ್ಯಾ ನೀವು?"

"ನೀವು ಭಾವುಕರಾಗಬೇಡಿ..."

"ನಮ್ಮಮ್ಮ ಹೊತ್ತ ಬುಟ್ಟಿಯಲ್ಲೇ ಇವ್ಳ್ ಓದಿದ್ದ್. ಹಟಮಾರಿ, ಬಾಯ್ಬಡಕಿ, ಮನೆಹಾಳಿ, ಎಂತ ಬೇಕಾರೂ ಹೇಳಿ. ನಾನೂ ಹೇಳ್ತೆ. ಕಳ್ಳಿ ಅಂತ ಹೇಳುಕೆ ನೀವ್ಯಾರ್?"

ಹಿಂದಿನಿಂದ ಯಾರೋ ಅವನ ಅಂಗಿ ಎಳೆದರು. "ದಾಮಣ್ಣ, ಕೂತ್ಕಣಿ, ಎಲ್ಲ ಹಾಳಾತ್ತ್!" ಅವನು ಕೈ ಕೊಡವಿದ.

"ಪ್ರತಿನಿಧಿಗಳು ಏನ್ ಕೇಳಾಕತ್ತೀರಿ, ಸ್ಪಷ್ಟ ಹೇಳ್ರಿ," ಎಂದರು ಅಧ್ಯಕ್ಷೆ.

"ಮಂಗಳೂರಿನ ಪಾಲ್ ತೆಗೆಸಿ. ನಾನ್ ಕೇಣ್ತಿದ್ದೆ. ಬರ್ಕಣಿ."

ಅವರು ಬರೆದುಕೊಂಡರು. ಚಕ್ರಪಾಣಿ ನೀರಿನ ಲೋಟಕ್ಕೆ ಕೈ ಹಾಕಿದರು, ಲೋಟ ಖಾಲಿಯಿತ್ತು.

ಹೊರಗೆ ಬಸ್ ನಿಲ್ದಾಣದವರೆಗೂ ಅವನ ಹಿಂದೆ ಓಡಿದೆ. "ಅಣ್ಣ, ಅಣ್ಣ, ಸ್ವಲ್ಪ ನಿಲ್." ಅವನು ತಿರುಗಿದಾಗ ಕಣ್ಣು ಕೆಂಪಗಿತ್ತು.

"ಅವ ನಿನ್ನ ಕಳ್ಳಿ ಅಂದದ್ದಕ್ಕೆ ಕೇಂಡದ್ದ್. ನೀ ಹೇಳಿದ್ದ್ ಸರಿ ಅಂತ ಅಲ್ಲ."

"ಸರಿಯೇ ಅಲ್ದಾ?"

"ಸರಿಯೇ. ಅದೇ ಹೊಟ್ಟೆ ಉರಿ ಮರಾಯ್ತಿ!" ಎಂದು ಕೂಗಿದ. ನಿಲ್ದಾಣದ ಜನ ತಿರುಗಿ ನೋಡಿದರು. "ಇನ್ ನನ್ ಹತ್ರ ಮಾತಾಡ್ಬೇಡ."

ಮಂಗಳೂರಿನ ಪಾಲನ್ನು ಅಧ್ಯಕ್ಷೆಯ ಎದುರಿಗೇ ತೆರೆದರು. ತಲೆಯ ಕಡೆಯ ಕೆಸರಿನಲ್ಲಿ ನೈಲಾನು, ಥರ್ಮಾಕೋಲಿನ ಪುಡಿ, ಬಣ್ಣದ ಚೂರು, ಕೇಳಿದ್ದಕ್ಕಿಂತ ಹೆಚ್ಚೇ ಇತ್ತು. ತಲೆಯಿಂದ ಓದಿದ ಯಂತ್ರ ಇಳಿಯುವ ಗ್ರಾಫನ್ನು ಕೊಟ್ಟಿತು. ಕಾಲಮಾನದ ವರದಿಯೂ ಅದನ್ನೇ ಹೇಳಿತು. ನಿಷೇಧ ಉಳಿಯಿತು. ಚಕ್ರಪಾಣಿಯವರನ್ನು ದೆಹಲಿಯ ಯಾವುದೋ ಉನ್ನತ ಸಮಿತಿಗೆ ಹಾಕಿದರು, ಅಲ್ಲೂ ಶಾಲು ಹೊದೆಸಿದರು. ಹೊಸ ಬೋಟು ಇಳಿಯಲಿಲ್ಲ. ಕೇರಿಯಲ್ಲಿ ನಾನು ಎದುರಾದರೆ ಜನ ರಸ್ತೆ ದಾಟುತ್ತಾರೆ. ಅಮ್ಮ ನನ್ನ ಫೋನು ಎತ್ತುವುದಿಲ್ಲ.

ಜೂನ್ ಬಂದ ಮೇಲೆ ತಡೆಯಲಾಗಲಿಲ್ಲ. ರಜೆ ಹಾಕಿ ಹುಬ್ಬಳ್ಳಿಗೆ ಹೋದೆ. ನಮ್ಮ ಕಡೆಯವರ ಹೋಟೆಲುಗಳನ್ನು ಒಂದೊಂದಾಗಿ ಹೊಕ್ಕು ನೋಡಿದೆ. ಹಳೇ ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಹೋಟೆಲಿನಲ್ಲಿ ಅವನಿದ್ದ. ಮಾಸಿದ ನೀಲಿ ಸಮವಸ್ತ್ರ, ಹೆಗಲ ಮೇಲೆ ಒದ್ದೆ ಬಟ್ಟೆ. ಮೂಲೆಯ ಮೇಜಿನಲ್ಲಿ ಕೂತೆ. ಅವನು ಬಂದು, ನನ್ನೆದುರು ನೀರಿನ ಲೋಟ ಇಟ್ಟು, ಗೋಡೆಯ ಕಡೆ ನೋಡುತ್ತ ಹೇಳತೊಡಗಿದ.

"ಇಡ್ಲಿ, ವಡೆ, ಪೂರಿ, ಶಿರಾ, ಉಪ್ಪಿಟ್ಟು, ಸೆಟ್ ದೋಸೆ."

"ಅಣ್ಣ," ಎಂದೆ.

"ಬೇಗ ಹೇಳಿ ಮೇಡಂ. ಬೇರೆ ಟೇಬಲ್ ಇದೆ."

ಇಡ್ಲಿ ಎಂದೆ. ತಂದಿಟ್ಟು ಹೋದ. ಪಕ್ಕದ ಮೇಜಿನ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಅವನು ಒಳಗೆ ಹೋಗುವುದನ್ನು ನೋಡಿದೆ. ಮತ್ತೆ ಹೊರಗೆ ಬರಲಿಲ್ಲ. ನನ್ನ ತಟ್ಟೆ ಎತ್ತಲು ಬೇರೆ ಯಾರೋ ಬಂದರು.